ಇಲಿ ಎಷ್ಟು ಕಾಲ ಮೇಲೆ ಓಡಿತು?

ಖಜೂರಿ ಊರಿನ ಈ ಸಂಗತಿಯನ್ನು ನಾನು ಮೂವರಿಂದ ಕೇಳಿದ್ದೇನೆ. ಮೊದಲು ಹೇಳಿದವಳು ವಜೀರುನ್ನಿಸಾ, ಹಳೆಬಟ್ಟೆಯ ಕೌದಿ ಹೊಲಿಯುವ ಗುರಮ್ಮನ ನೆರೆಮನೆಯವಳು. ಬಳಿಕ ಗುರಮ್ಮನ ಸೊಸೆ ಸೀಮಾ. ಎಲ್ಲರಿಗಿಂತ ಕೊನೆಗೆ, ಎರಡು ಸಲ ಒಲ್ಲೆನೆಂದ ಮೇಲೆ, ಸ್ವತಃ ಗುರಮ್ಮ. ಸೀಮಾ ಹೇಳುವಾಗ ಕಥೆ ಒಂದು ಅರಿಸಿನದ ದಾರದಿಂದ ಆರಂಭವಾಗುತ್ತದೆ; ವಜೀರುನ್ನಿಸಾ ಹೇಳುವಾಗ ಇಲಿಯಿಂದ. ಸೀಮಾಳಿಗೆ ಅಂದು ತಿಳಿಯದೆ ಇದ್ದದ್ದು ಕೇಳುವವರಿಗೆ ಮೊದಲೇ ತಿಳಿದಿರುವುದು ಒಳ್ಳೆಯದೆಂದು ನಾನಿಲ್ಲಿ ವಜೀರುನ್ನಿಸಾಳ ಕ್ರಮವನ್ನೇ ಹಿಡಿದಿದ್ದೇನೆ. ಹತ್ತಿರದ ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿ ಇದೇ ಕಥೆ ಈಗಾಗಲೇ ಬೆಳೆದಿದೆ. ಅಲ್ಲಿ ಇಲಿ ಮಾತನಾಡುತ್ತದೆ. ಆ ಪಾಠವನ್ನು ನಾನು ಬಿಟ್ಟಿದ್ದೇನೆ.

ಎರಡು ವರ್ಷದ ಹಿಂದೆ, ಸಂಕ್ರಾಂತಿ ಹತ್ತಿರವಾದಾಗ, ಗುರಮ್ಮನ ಮಗ ಬಸವಂತರಾಯ ತನ್ನ ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದ. ಹೆಂಡತಿ ಸೀಮಾಳಿಗೆ ಆಗ ಆರು ತುಂಬಿ ಏಳರಲ್ಲಿ ಬಿದ್ದಿತ್ತು, ಚೊಚ್ಚಲು. ಬಸುರಿಯ ಗಂಡ ಯಾವ ಜೀವವನ್ನೂ ಹೊಡೆಯಬಾರದೆಂಬ ನೇಮ ಈ ಭಾಗದ ಒಕ್ಕಲು ಮನೆಗಳಲ್ಲಿ ಇನ್ನೂ ಉಳಿದಿದೆ. ಹೊಡೆದರೆ ಆ ಪೆಟ್ಟು ಗರ್ಭದ ಕೂಸಿಗೆ ಹತ್ತುತ್ತದೆ ಎನ್ನುತ್ತಾರೆ. ಬಸವಂತರಾಯ ಆ ನೇಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ. ಹಿಂದಿನ ತಿಂಗಳು ಬಚ್ಚಲಲ್ಲಿ ಚೇಳು ಕಂಡಾಗ ಅದನ್ನು ಚಿಮಟದಲ್ಲಿ ಹಿಡಿದು ಊರಾಚೆ ಬಿಟ್ಟು ಬಂದಿದ್ದ. ಆದರೆ ಅಂದು ತೊಗರಿಯ ಬುಡಕ್ಕೆ ಬೀಸಿದ ಕುಡಗೋಲು ಗಿಡದ ಜೊತೆಗೆ ಮತ್ತೊಂದನ್ನೂ ತಾಗಿತು. ಬೆರಳುದ್ದದ ಹೊಲದಿಲಿ. ಬೆನ್ನು ಮಣ್ಣಿನ ಬಣ್ಣ, ಹೊಟ್ಟೆ ಬಿಳಿ. ಹಿಂಗಾಲೊಂದು ತೊಡೆಯ ಹತ್ತಿರ ಸೀಳಿ ಜೋತುಬಿದ್ದಿತ್ತು.

ಅವನು ಅದನ್ನು ಟವಲಿನಲ್ಲಿ ಸುತ್ತಿಕೊಂಡು, ಹಿಂದೆ ಕಟ್ಟು ಕಟ್ಟುತ್ತಿದ್ದ ತಾಯಿಯ ಬಳಿಗೆ ಬಂದ.

"ಯವ್ವಾ, ಕೈ ತಪ್ಪೇದ. ನನಗ ಕಾಣಲಿಲ್ಲ."

"ಸತ್ತದೇನ?"

"ಇಲ್ಲ. ಉಸುರು ಆಡಾಕತ್ತದ."

"ಹಂಗಾರ ಇನ್ನ ನಿನ್ನ ತಲಿ ಮ್ಯಾಲ ಬಂದಿಲ್ಲ. ಕೊಡು ಇಲ್ಲಿ." ಗುರಮ್ಮ ಟವಲಿನ ಗಂಟನ್ನು ಸೆರಗಿನೊಳಗೆ ಇಳಿಸಿಕೊಂಡಳು. "ಸೀಮಾನ ಮುಂದ ಉಸುರು ಬಿಡಬ್ಯಾಡ. ಬಸುರಿ ಕಿವಿಗೆ ಇಂಥಾದ್ದು ಬೀಳಬಾರದು. ಅಂಜಿದ್ರ ಆ ಅಂಜಿಕಿ ಒಳಗಿನ ಕೂಸಿಗೂ ಹೋಗ್ತದ."

ಅಂದಿನಿಂದ ಗುರಮ್ಮನ ಮುಂದೆ ಇದ್ದದ್ದು ಒಂದೇ ಕೆಲಸ: ಇಲಿ ಸಾಯಬಾರದು. ಕೌದಿ ಚೀಲಗಳನ್ನು ಪೇರಿಸಿಡುವ ಒಳಕೋಣೆಯ ಗೋಡೆಗೂಡಿನಲ್ಲಿ ಹಳೆಯ ತುಪ್ಪದ ಗಡಿಗೆಯೊಂದಿತ್ತು. ಅದರಲ್ಲಿ ಅರಳೆ ಹಾಸಿ ಇಲಿಯನ್ನು ಮಲಗಿಸಿದಳು. ಗಾಯಕ್ಕೆ ಅರಿಸಿನ ಅದ್ದಿ, ಕಸಬರಿಗೆಯ ಕಡ್ಡಿಯನ್ನು ಉಗುರಿನಷ್ಟು ಮುರಿದು ಕಾಲಿಗೆ ಆನಿಸಿ, ಕೌದಿಯ ದಾರದಿಂದ ಸುತ್ತಿದಳು. ಸೂಜಿಗೆ ದಾರ ಪೋಣಿಸಲು ಆಕೆಗೆ ಈಗ ಇನ್ನೊಬ್ಬರ ಕಣ್ಣು ಬೇಕು. ಆದರೂ ಆ ಕಾಲನ್ನು ಬೆರಳಿನ ಅಂದಾಜಿನಲ್ಲೇ ಕಟ್ಟಿದಳೆಂದು ವಜೀರುನ್ನಿಸಾ ಇಂದಿಗೂ ಬೆರಗಿನಿಂದ ಹೇಳುತ್ತಾಳೆ. ಹಾಲಿಗಾಗಿ ಗುರಮ್ಮ ಹೋದದ್ದು ಅವಳ ಮನೆಗೇ.

"ಇಲಿಗೆ ಆಡಿನ ಹಾಲಾ!" ಎಂದಿದ್ದಳಂತೆ ವಜೀರುನ್ನಿಸಾ. "ನಮ್ಮ ಮನಿಯಾಂವಗ ಚಾದಾಗ ಹಾಕಾಕ ಇಲ್ಲ, ಗುರವ್ವಾ."

"ನಿನ್ನ ಗಂಡಂದು ಕಾಲು ಮುರದದೇನ ಬೇ?"

"ತೋಬಾ! ತಗೊಂಡ ಹೋಗು, ತಗೊಂಡ ಹೋಗು. ಯಾರರೆ ಕೇಳಿದ್ರ ಏನಂತ ಹೇಳ್ಲಿ?"

"ಯಾರೂ ಕೇಳೂದಿಲ್ಲ. ನೀ ಹೇಳದಿದ್ರ ಸಾಕು."

ಇಲ್ಲಿಂದ ಮುಂದಿನದು ಸೀಮಾ ಹೇಳಿದ್ದು.

ಸೀಮಾಳ ತವರು ಅಫಜಲಪುರ. ಅವಳ ದೊಡ್ಡಮ್ಮನನ್ನು ಜೇವರ್ಗಿಗೆ ಕೊಟ್ಟಿದ್ದರು. ಆ ದೊಡ್ಡಮ್ಮ ಮೂರು ಗರ್ಭ ಕಳೆದುಕೊಂಡವಳು. ಮೂರನೆಯದರ ಬಳಿಕ ಅವಳ ಮನೆಯ ಗೋಡೆಗೂಡಿನಲ್ಲಿ ಒಂದು ಗಂಟು ಸಿಕ್ಕಿತ್ತಂತೆ. ಸೀಮಾಳ ಮದುವೆಯ ಮುನ್ನಾದಿನ ಅವಳು ಮದುಮಗಳ ಕೈ ಹಿಡಿದು ಹೇಳಿದ್ದಳು: "ಅರಿಸಿನ ಹಚ್ಚಿದ ದಾರ, ತಲಿಕೂದಲು, ನೀ ಉಟ್ಟ ಸೀರಿ ತುಂಡು, ಮುಚ್ಚಿಟ್ಟ ಹಾಲು. ಈ ನಾಕೂ ಒಂದ ಕಡೆ ಕೂಡಿದ್ವು ಅಂದ್ರ ಆ ಮನ್ಯಾಗ ನೀರೂ ಕುಡೀಬ್ಯಾಡ, ಮಗಳ." ಪಿಯುಸಿ ಓದಿದ ಸೀಮಾ ಅಂದು ನಕ್ಕಿದ್ದಳು. ಏಳನೆಯ ತಿಂಗಳಿನಲ್ಲಿ ನಗು ಬರಲಿಲ್ಲ.

ದಾರ ಸಿಕ್ಕಿದ್ದು ಬಚ್ಚಲ ಮೋರಿಯಲ್ಲಿ. ಗೇಣುದ್ದದ ಬಿಳಿ ದಾರ, ಅರಿಸಿನಕ್ಕೆ ಹಳದಿಯಾಗಿತ್ತು. ನಡುವೆ ಒಂದು ಕಂದು ಕಲೆ. ಕೌದಿ ಹೊಲಿಯುವ ಮನೆಯಲ್ಲಿ ದಾರವೇನು ಅಪರೂಪವೇ ಎಂದು ಅವಳು ಸುಮ್ಮನಾದಳು. ಎರಡು ದಿನ ಕಳೆದ ಮೇಲೆ ತಲೆ ಬಾಚಿಕೊಂಡು, ಉದುರಿದ ಕೂದಲನ್ನು ಉಂಡೆ ಮಾಡಿ ಎಂದಿನಂತೆ ಗೋಡೆಯ ಬಿರುಕಿಗೆ ತುರುಕಲು ಹೋದರೆ, ಬಿರುಕು ಖಾಲಿ. ಪಿನ್ನು, ಬಲೂನು ಕೊಟ್ಟು ಕೂದಲು ಒಯ್ಯುವವನು ಆ ತಿಂಗಳು ಊರಿಗೆ ಬಂದೇ ಇರಲಿಲ್ಲ. ಇಲಿಗೆ ಬೆಚ್ಚಗಿರಲೆಂದು ಗುರಮ್ಮ ಅದನ್ನು ಗಡಿಗೆಗೆ ಹಾಕಿದ್ದಳು. ಸೀಮಾಳಿಗೆ ಅದು ಹೇಗೆ ಗೊತ್ತಾಗಬೇಕು?

ಮೂರನೆಯದು ಸೀರೆ. ಹುಟ್ಟುವ ಕೂಸಿನ ಕೌದಿಗೆಂದು ಸೀಮಾ ತನ್ನ ಹಳೆಯ ವಾಯಿಲ್ ಸೀರೆ ಕೊಟ್ಟಿದ್ದಳು. ಒಗೆದು ಒಗೆದು ಹೂವಿನಷ್ಟು ಮೆತ್ತಗಾದದ್ದು. ಚೀಲ ತೆರೆದು ನೋಡಿದಾಗ ಅದರ ಸೆರಗಿನ ಮೂಲೆಯಲ್ಲಿ ಅಂಗೈಯಗಲದ ತುಂಡು ಕತ್ತರಿಸಿ ಹೋಗಿತ್ತು. ಕೌದಿಯಲ್ಲಿ ಆ ಬಣ್ಣದ ತುಂಡು ಎಲ್ಲಿಯೂ ಕಾಣಲಿಲ್ಲ. ಕೌದಿಯೂ ಪೂರ್ತಿಯಾಗಿರಲಿಲ್ಲ. ಮೂರು ಮೂಲೆ ಮುಗಿದು, ನಾಲ್ಕನೆಯದು ಬಾಯಿ ತೆರೆದುಕೊಂಡು ಹದಿನೈದು ದಿನವಾಗಿತ್ತು. ಇಲ್ಲಿಯ ಹೆಂಗಸರು ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಕೊನೆಯ ಮೂಲೆಯೊಳಗೆ ನಾಲ್ಕು ಕಾಳು ಹಾಕಿ ಹೊಲಿಗೆ ಮುಗಿಸುತ್ತಾರೆ. ಅದು ಅರ್ಧ ಗಳಿಗೆಯ ಕೆಲಸ.

"ಅತ್ತಿ, ಕೂಸಿನ ಕೌದಿ ಮೂಲಿ ಯಾಕ ಹಂಗ ಬಿಟ್ಟೀರಿ?" ಎಂದು ಅವಳು ಕೇಳಿದಳು.

"ಹೊಲೀತೇನಿ. ಅದಕ್ಕ ಮೊದಲ ಒಂದು ಕೆಲಸ ಮುಗೀಬೇಕು."

"ಏನ್ ಕೆಲಸರಿ?"

"ಅದನ್ನ ತಗೊಂಡು ನೀ ಏನ್ ಮಾಡ್ತಿ ಬೇ? ಉಣ್ಣು. ರೊಟ್ಟಿ ಆರಾಕತ್ತದ."

ಸೀಮಾ ಉಣ್ಣಲಿಲ್ಲ. ವಾಕರಿಕೆಯ ನೆವ ಹೇಳಿ ಎದ್ದಳು. ಅಂದಿನಿಂದ ತನ್ನ ರೊಟ್ಟಿಯನ್ನು ತಾನೇ ಬಡಿದುಕೊಂಡಳು, ತನ್ನ ಕೊಡದ ನೀರನ್ನೇ ಕುಡಿದಳು. ಗುರಮ್ಮ ಇದನ್ನು ಗಮನಿಸದೆ ಇರಲಿಲ್ಲ. ಮಗನ ಕೈ ತಪ್ಪಿದ್ದು ಸೊಸೆಗೆ ಹೇಗೋ ತಿಳಿದಿದೆ, ವಜೀರುನ್ನಿಸಾಳೇ ಬಾಯಿ ಬಿಟ್ಟಿದ್ದಾಳೆ ಎಂದು ಆಕೆಗೆ ಗುಮಾನಿ ಹುಟ್ಟಿತು. ಗಡಿಗೆಯನ್ನು ಗೂಡಿನಿಂದ ತೆಗೆದು ಅಟ್ಟದ ಮೇಲೆ, ಜೋಳದ ಚೀಲಗಳ ಹಿಂದೆ ಇಟ್ಟಳು. ಹಾಲಿನ ತಂಬಿಗೆಯನ್ನು ಮೊದಲು ಕೈಯಲ್ಲಿ ಹಿಡಿದು ಬರುತ್ತಿದ್ದವಳು ಈಗ ಸೆರಗಿನಡಿಯಲ್ಲಿ ತರತೊಡಗಿದಳು. ಆ ತಂಬಿಗೆಯೇ ನಾಲ್ಕನೆಯದಾಯಿತು.

ಒಂದು ಮಧ್ಯಾಹ್ನ ಸೀಮಾ ನಿಚ್ಚಣಿಕೆಯ ಬುಡದಲ್ಲಿ ನಿಂತಿದ್ದಳು. ಅಟ್ಟದ ಮೇಲಿನಿಂದ ಅತ್ತೆಯ ದನಿ ಕೇಳಿಸಿತು. ಪ್ರೀತಿಯ ದನಿ, ಅದೇ ತನ್ನನ್ನು ಹೆಚ್ಚು ಹೆದರಿಸಿತು ಎನ್ನುತ್ತಾಳೆ.

"ಇನ್ನ ಎಂಟ ದಿನ ತಡಿ. ಕುಡಿ, ಕುಡಿ. ಈಗ ನೀ ಹೊಂಟ್ಯಂದ್ರ ಎಲ್ಲಾ ಆ ಕೂಸಿನ ಮ್ಯಾಲ ಬರ್ತದ ನೋಡು."

ಸಂಜೆ ಗಂಡನನ್ನು ಕೇಳಿದಳು: "ಅಟ್ಟದ ಮ್ಯಾಲ ಅತ್ತಿ ಏನ್ ಮಾಡಾಕತ್ಯಾರ್ರಿ?"

ಬಸವಂತರಾಯ ಎತ್ತಿನ ಹಗ್ಗ ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ. "ಏನೂ ಇಲ್ಲ. ಅವ್ವ ಏನ ಮಾಡಿದ್ರೂ ನಮ್ಮ ಸಲುವಾಗೇ ಮಾಡ್ತಾಳ. ನೀ ಮ್ಯಾಲ ಹತ್ತಬ್ಯಾಡ."

ಗಂಡನಿಗೂ ಗೊತ್ತಿದೆ! ಆ ಸಂಜೆ ಸೀಮಾ ತೀರ್ಮಾನ ಮಾಡಿದಳು. ತಾಯಿಗೆ ಫೋನು ಹಚ್ಚಿ, ತಮ್ಮ ಶಂಕರಲಿಂಗನನ್ನು ನಾಳೆಯೇ ಕಳಿಸೆಂದಳು. ಬಾಣಂತನಕ್ಕೆ ತವರಿಗೆ ಹೋಗುವುದು ರೂಢಿಯೇ. ಎರಡು ತಿಂಗಳು ಮೊದಲು ಹೋದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಹಡೆದ ಮೇಲೆ ಕೂಸನ್ನು ಈ ಮನೆಗೆ ಮರಳಿ ತರುವುದಿಲ್ಲವೆಂಬುದನ್ನು ಅವಳು ಮನಸ್ಸಿನಲ್ಲೇ ಇಟ್ಟುಕೊಂಡಳು. ಜೇವರ್ಗಿಯ ದೊಡ್ಡಮ್ಮನಿಗೆ ಮಾತ್ರ ಎಲ್ಲವನ್ನೂ ಹೇಳಿದಳು.

"ಬರೇ ಮಾತು ಯಾರೂ ನಂಬೂದಿಲ್ಲ," ಎಂದಳು ದೊಡ್ಡಮ್ಮ. "ಅದನ್ನ ವಿಡಿಯೋ ಮಾಡಿ ಕಳಸು. ಬಲಗೈ ಹಚ್ಚಬ್ಯಾಡ ಮತ್ತ, ಎಡಗೈಲೆ ಬಿಚ್ಚು."

ಮರುದಿನ ಹೊತ್ತು ಏರಿದ ಮೇಲೆ ಗುರಮ್ಮ ಹಾಲಿಗೆ ಹೋದಳು. ಏಳು ತಿಂಗಳ ಬಸುರಿ ಎಂಟು ಮೆಟ್ಟಿಲಿನ ನಿಚ್ಚಣಿಕೆ ಹತ್ತಿ, ಚೀಲಗಳ ಹಿಂದಿನ ಗಡಿಗೆಯನ್ನು ಬಗಲಲ್ಲಿ ಇರುಕಿಕೊಂಡು ಇಳಿದಳು. ಅಂಗಳದ ಪರಸಿಗಲ್ಲಿನ ಮೇಲೆ ಅದನ್ನಿಟ್ಟು, ಬಲಗೈಯಲ್ಲಿ ಫೋನು ಹಿಡಿದು, ಎಡಗೈಯಿಂದ ಬಾಯಿಬಟ್ಟೆಯ ಗಂಟು ಜಗ್ಗಿದಳು.

ಆ ವಿಡಿಯೋವನ್ನು ನಾನು ನೋಡಿದ್ದೇನೆ. ಒಟ್ಟು ನಲವತ್ತು ಸೆಕೆಂಡು. ಮೊದಲ ಹನ್ನೊಂದು ಸೆಕೆಂಡು ಗಡಿಗೆ, ಬಳೆ, ಗಂಟು. ಬಟ್ಟೆ ಸರಿಯುತ್ತದೆ, ಒಳಗೆ ಅರಳೆ, ಕೂದಲು, ವಾಯಿಲ್ ಸೀರೆಯ ತುಂಡು ಕಾಣುತ್ತವೆ. ಆ ಮೇಲೆ ಕಂದು ಬಣ್ಣದ ಏನೋ ಒಂದು ಚಿಮ್ಮುತ್ತದೆ. ಸೀಮಾ ಚೀರುತ್ತಾಳೆ, ಫೋನು ಬೀಳುತ್ತದೆ. ಉಳಿದದ್ದೆಲ್ಲ ಬರಿಯ ಆಕಾಶ, ಮಾಳಿಗೆಯ ಒಂದು ಅಂಚು, ಮತ್ತು ಮಾತು.

"ಬಿಚ್ಚಿದ್ಯಾ? ಬಿಚ್ಚಿದ್ಯೇನ ಬೇ?" ಬಾಗಿಲಿನಿಂದ ಓಡಿಬಂದ ಗುರಮ್ಮನ ದನಿ. ತಂಬಿಗೆ ಉರುಳಿದ ಸದ್ದು.

"ಇಲಿ ಅತ್ತಿ! ಗಡಿಗ್ಯಾಗ ಇಲಿ ಇತ್ತು!"

"ಗೊತ್ತು. ಎಲ್ಲಿ ಹೋತು?"

"ಆ ಕಟಗಿ ವಟ್ಟಿನೊಳಗ..."

"ಎಷ್ಟು ಕಾಲ ಮ್ಯಾಲ ಓಡ್ತು? ಹೇಳು. ನಾಕರ ಮ್ಯಾಲ ಓಡ್ತೋ ಮೂರರ ಮ್ಯಾಲೋ?"

ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

ಅಂಗಳದಲ್ಲಿ ಗೋಡೆಗೆ ಆನಿಸಿ ಒಟ್ಟಿದ್ದ ತೊಗರಿ ಕಟ್ಟಿಗೆಯ ಮುಂದೆ ಗುರಮ್ಮ ಕುಕ್ಕರುಬಡಿದಳು. ಸೊಸೆ ಕೇಳುವ ಮೊದಲೇ ಎಲ್ಲವನ್ನೂ ಹೇಳಿದಳು: ಕುಡಗೋಲು, ಟವಲು, ಕಡ್ಡಿ ಕಟ್ಟಿದ ಕಾಲು, ಆಡಿನ ಹಾಲು. ಗಾಯ ಮಾಯ್ದು, ಇಲಿ ನಾಲ್ಕೂ ಕಾಲಿನ ಮೇಲೆ ಓಡಿತೆಂದರೆ ಬಸವಂತನ ಕೈಯಿಂದ ಜೀವ ಹೋಗಿಲ್ಲವೆಂದು ಲೆಕ್ಕ. ಆಗ ಕೂಸಿನ ಕೌದಿಯ ಮೂಲೆ ಮುಚ್ಚಬೇಕೆಂದು ಹರಕೆ ಹೊತ್ತಿದ್ದಳು. ಹಿಂದಿನ ದಿನವಷ್ಟೇ ಕಡ್ಡಿ ಬಿಚ್ಚಿದ್ದಳು. ಕಾಲು ನೆಲಕ್ಕೆ ಊರುತ್ತದೋ ಇಲ್ಲವೋ ಎಂದು ಇನ್ನೂ ನೋಡಿರಲಿಲ್ಲ.

ಸೀಮಾ ನಿಂತೇ ಇದ್ದಳು. "ನನಗ ಒಂದು ಮಾತು ಹೇಳಬೇಕಿತ್ತಿಲ್ರಿ?"

"ಬಸುರಿಗೆ ಹೆಂಗ ಹೇಳೂದು ಬೇ, ನಿನ್ನ ಗಂಡ ಜೀವ ಹೊಡದಾನಂತ? ನೀ ಏನ ತಿಳಕೊಂಡಿದ್ದಿ?"

ಸೀಮಾ ತಾನು ತಿಳಿದುಕೊಂಡದ್ದನ್ನು ಹೇಳಲಿಲ್ಲ. ಆದರೆ ಗಡಿಗೆಯ ಸುತ್ತ ಚೆಲ್ಲಿದ್ದ ಅರಿಸಿನದ ದಾರ, ಕೂದಲು, ಸೀರೆಯ ತುಂಡನ್ನು ಗುರಮ್ಮ ಒಮ್ಮೆ ನೋಡಿದಳು, ಸೊಸೆಯ ಎಡಗೈಯನ್ನು ನೋಡಿದಳು, ಬಿದ್ದ ಫೋನನ್ನು ನೋಡಿದಳು. ಮತ್ತೆ ಅದೇ ಮಾತಿಗೆ ಬಂದಳು.

"ಎಷ್ಟು ಕಾಲ ಮ್ಯಾಲ?"

ಇಲಿ ಚಿಮ್ಮಿದಾಗ ಸೀಮಾ ಕಣ್ಣು ಮುಚ್ಚಿಕೊಂಡಿದ್ದಳು. ಇದನ್ನು ಅವಳು ನನಗೆ ಸ್ಪಷ್ಟವಾಗಿ ಹೇಳಿದ್ದಾಳೆ.

"ನಾಕು, ಅತ್ತಿ," ಎಂದಳು. "ನಾ ನೋಡೇನಿ. ನಾಕೂ ಊರಿ ಓಡ್ತು."

ಗುರಮ್ಮ ಅವಳ ಮುಖದತ್ತ ನೋಡಿದಳು. ಮಂಜುಗಣ್ಣು, ಆದರೂ ಆ ನೋಟ ತನ್ನನ್ನು ದಾಟಿ ಹಿಂದಿನ ಗೋಡೆಗೆ ಹೋಯಿತೆನ್ನುತ್ತಾಳೆ ಸೀಮಾ. ಆ ಹೊತ್ತಿಗೆ ವಜೀರುನ್ನಿಸಾಳ ಬೆಕ್ಕು ಗೋಡೆಯ ಮೇಲೆ ಕುಳಿತು ಮುಂಗಾಲು ನೆಕ್ಕುತ್ತಿತ್ತು.

ಮಧ್ಯಾಹ್ನ ಶಂಕರಲಿಂಗ ಜೀಪು ತಂದ. ಅಕ್ಕ ಅವನಿಗೆ ಊಟಕ್ಕಿಟ್ಟು, ಒಂಬತ್ತನೆಯ ತಿಂಗಳಲ್ಲಿ ಬರುವೆನೆಂದು ಹೇಳಿ ಹಾಗೆಯೇ ಹಿಂದೆ ಕಳಿಸಿದಳು. "ಡೀಸೆಲ್ ಸುಟ್ಟು ರೊಟ್ಟಿ ತಿನ್ನಾಕ ಕರದಿದ್ಯೇನ ಅಕ್ಕಾ?" ಎಂದು ಅವನು ಗೊಣಗಿದ್ದನ್ನು ವಜೀರುನ್ನಿಸಾ ಇಂದಿಗೂ ಅವನ ದನಿಯಲ್ಲೇ ಹೇಳಿ ನಗುತ್ತಾಳೆ.

ಗುರಮ್ಮ ಕೌದಿಯ ಮೂಲೆಯನ್ನು ಅಂದೂ ಮುಚ್ಚಲಿಲ್ಲ. ಸಂಜೆ ಒಂದು ಹಿಡಿ ಜೋಳವನ್ನು ಕಟ್ಟಿಗೆಯ ಒಟ್ಟಿಲಿನ ಬುಡದಲ್ಲಿಟ್ಟಳು. "ಇದ್ರ ತಿಂತದ," ಎಂದಷ್ಟೇ ಹೇಳಿದಳು. ಸೊಸೆಯ ಮಾತನ್ನು ನಂಬಿಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬಹುದು?

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದ ಸೀಮಾ ನೋಡಿದಳು. ಜೋಳ ಇಟ್ಟ ಹಾಗೆಯೇ ಇತ್ತು. ಅತ್ತೆಯ ಬಾಗಿಲು ಕಿರುಗುಟ್ಟಿತು. ಸೀಮಾ ಕಾಳನ್ನು ಬಾಚಿ ಉಡಿಗೆ ಹಾಕಿಕೊಂಡಳು. ಅಷ್ಟು ಶುದ್ಧವಾಗಿ ಯಾವ ಇಲಿಯೂ ತಿನ್ನುವುದಿಲ್ಲವೆಂದು ಹೊಳೆದು, ಹತ್ತು ಕಾಳನ್ನು ಬಾಯಿಗೆಸೆದು ಕಡಿದು ಉಗುಳಿದಳು.

"ತಿಂದದರೀ ಅತ್ತಿ!"

"ಹೌದಾ?" ಗುರಮ್ಮ ಬಗ್ಗಿ ಚೂರುಗಳನ್ನು ಅಂಗೈಗೆ ತೆಗೆದುಕೊಂಡು ಬೆರಳಿನಲ್ಲಿ ಹೊರಳಿಸಿದಳು. "ಹೌದು ಬಿಡು. ತಿಂದದ."

ಹೀಗೆ ಒಂದೂವರೆ ತಿಂಗಳು ನಡೆಯಿತು. ಪ್ರತಿ ಸಂಜೆ ಅತ್ತೆ ಹಿಡಿ ಜೋಳ ಇಡುವುದು. ಪ್ರತಿ ಮುಂಜಾನೆ ಸೊಸೆ ಅದರಲ್ಲಿ ಹತ್ತು ಕಾಳು ಕಡಿದು, ಉಳಿದದ್ದನ್ನು ವಜೀರುನ್ನಿಸಾಳ ಕೋಳಿಗಳಿಗೆ ಎರಚುವುದು. ಒಂದು ದಿನ ವಜೀರುನ್ನಿಸಾ ಗೋಡೆಯಾಚೆಯಿಂದ ಇಣುಕಿದಳು.

"ಹಸಿ ಜೋಳ ಕಡೀಲಿಕ್ಕೆ ಏನಾಗೇದ ಬೇ ನಿನಗ? ನಾ ಐದು ಹಡದೇನಿ, ಹುಣಚಿಕಾಯಿ ತಿಂದೇನಿ, ಮಣ್ಣೂ ತಿಂದೇನಿ. ಇಂಥಾ ಬಯಕಿ ಕಂಡಿಲ್ಲ."

"ಹಲ್ಲಿಗೆ ಛಲೋರಿ ಚಾಚಿ," ಎಂದು ಸೀಮಾ ತಪ್ಪಿಸಿಕೊಂಡಳು. ವಜೀರುನ್ನಿಸಾಳ ಬಾಯಿಯ ಮೇಲೆ ಅವಳಿಗೆ ಭರವಸೆ ಇರಲಿಲ್ಲ. ಆದ್ದರಿಂದ ಒಂಬತ್ತನೆಯ ತಿಂಗಳಲ್ಲಿ ತವರಿಗೆ ಹೊರಟಾಗ ಈ ಕೆಲಸವನ್ನು ಯಾರಿಗೂ ಒಪ್ಪಿಸಲಿಲ್ಲ. ಅಫಜಲಪುರದಲ್ಲಿ ಮೊದಲ ಬೆಳಗು ಮುಖ ತೊಳೆಯುವ ಮೊದಲೇ ಅತ್ತೆಗೆ ಫೋನು ಹಚ್ಚಿದಳು.

"ಅತ್ತಿ, ಜೋಳ..."

"ತಿಂದದ," ಎಂದಳು ಗುರಮ್ಮ ಆ ಕಡೆಯಿಂದ. "ನೀ ಆರಾಮ ಇರು."

ಯಾರು ತಿಂದರು? ಸೀಮಾ ಮೊದಲು ಗಂಡನನ್ನು ಸಂಶಯಿಸಿದಳು, ಆ ಮೇಲೆ ವಜೀರುನ್ನಿಸಾಳನ್ನು. ನಾನು ಇಬ್ಬರನ್ನೂ ಕೇಳಿದ್ದೇನೆ. ಬಸವಂತರಾಯ ಆ ಒಟ್ಟಿಲಿನ ಹತ್ತಿರವೂ ಸುಳಿಯಲಿಲ್ಲವೆಂದು ತಾಯಿಯ ಆಣೆ ಇಟ್ಟ. ವಜೀರುನ್ನಿಸಾ, "ನಾ ಬಸವಂತನೇ ಮಾಡಾಕತ್ಯಾನ ಅಂತ ತಿಳದಿದ್ದೆ," ಎಂದಳು.

ಗುರಮ್ಮ ಒಪ್ಪಿ ಹೇಳಿದ್ದು ಇಷ್ಟು. ಹೊಲದಿಲಿ ಕಾಳಿನ ಮೂತಿಯನ್ನು, ಅಂದರೆ ಮೊಳಕೆ ಬರುವ ತುದಿಯನ್ನು, ಮೊದಲು ತಿನ್ನುತ್ತದೆ; ಹಿಟ್ಟಿನ ಭಾಗ ಬಿಡುತ್ತದೆ. ಮನುಷ್ಯರು ನಡುವೆ ಕಡಿಯುತ್ತಾರೆ. ಅರವತ್ತು ವರ್ಷ ಜೋಳ ಹಸನು ಮಾಡಿದ ಬೆರಳಿಗೆ ಅದು ಕತ್ತಲಲ್ಲೂ ತಿಳಿಯುತ್ತದೆ.

"ಮೊದಲ ದಿನವೇ ಗೊತ್ತಾತು, ಸೀಮಾನ ಹಲ್ಲು ಅಂತ," ಎಂದಳು. "ನನಗ ಸಿಟ್ಟು ಬರಲಿಲ್ಲ. ನನ್ನ ಕೈಯಿಂದ ಉಣ್ಣಾಕ ಅಂಜತಿದ್ದ ಹುಡಿಗಿ, ನನ್ನ ಸಲುವಾಗಿ ಹಸಿ ಜೋಳ ಕಡ್ಯಾಕತ್ಯಾಳ ಅಂದ್ರ ನಾ ಏನ ಅನ್ಲಿ? ಸುಮ್ನ ತಿಂದದ ಅಂದೆ."

"ಅವಳು ತವರಿಗೆ ಹೋದ ಮೇಲೆ?"

"ಮೂರು ದಿನ ಕಾಳು ಹಂಗ ಬಿದ್ದಿದ್ವು. ಫೋನ್ನಾಗ ತಿಂದದ ಅಂತ ಸುಳ್ಳು ಹೇಳಿದೆ. ನಾಕನೇ ದಿನ ನೋಡ್ತೇನಿ, ಕಾಳಿನ ಮೂತಿ ಇಲ್ಲ. ಹನ್ನೆರಡು ಕಾಳು, ಒಂದಕ್ಕೂ ಮೂತಿ ಇಲ್ಲ." ಅವಳು ಹೆಬ್ಬೆರಳಿನ ಉಗುರಿನಿಂದ ತೋರುಬೆರಳಿನ ತುದಿಯನ್ನು ಚಿವುಟಿ ತೋರಿಸಿದಳು. "ಅವನ್ನ ಒಳಗ ಹಾಕಿ ಕೌದಿ ಮೂಲಿ ಹೊಲದೆ."

ಸೀಮಾ ಹೆಣ್ಣು ಕೂಸನ್ನು ಹಡೆದಳು. ಮೂರನೆಯ ತಿಂಗಳಲ್ಲಿ, ಜೇವರ್ಗಿಯ ದೊಡ್ಡಮ್ಮ ಬೇಡವೆಂದರೂ ಕೇಳದೆ, ಖಜೂರಿಗೆ ಕರೆತಂದಳು. ನಾನು ಹೋದಾಗ ಆ ಕೂಸು ಪಡಸಾಲೆಯ ಪರಸಿಯ ಮೇಲೆ ಅದೇ ಕೌದಿ ಹಾಸಿಕೊಂಡು ಮಲಗಿತ್ತು. ವಾಯಿಲ್ ಸೀರೆಯ ಬಣ್ಣ ಈಗ ನಡುವೆ ತೇಪೆಯಾಗಿ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಬೆರಳಿಗೆ ಹತ್ತುವಷ್ಟು ಗಟ್ಟಿ ಗಂಟು.

ಗುರಮ್ಮ ಚಹಾಕ್ಕೆ ಎದ್ದು ಒಳಗೆ ಹೋದಾಗ ಸೀಮಾ ತಗ್ಗಿದ ದನಿಯಲ್ಲಿ ಹೇಳಿದಳು: "ನಾಕನೇ ದಿನದ ಮಾತು ನೀವು ನಂಬತೀರೇನ್ರಿ? ಅತ್ತಿ ಉಗುರು ಭಾಳ ಚೂಪದಾವು. ಆ ಮೂತಿ ಅವರೇ ಚಿವುಟಿರಬೇಕು."

ಕಾಳು ಮೂಲೆಯೊಳಗೇ ಇವೆ. ಎರಡು ಹೊಲಿಗೆ ಬಿಚ್ಚಿದರೆ ಉಗುರಿನ ಗುರುತೋ ಹಲ್ಲಿನ ಗುರುತೋ ತಿಳಿಯುತ್ತದೆ. ಹಾಗೆಂದು ನಾನು ಸೂಚಿಸಿದೆ. ಒಳಗಿನಿಂದ ಗುರಮ್ಮ, "ಕೌದಿ ಬಿಚ್ಚೂದಾ? ಒಲ್ಲೇ ಒಲ್ಲೆ," ಎಂದಳು, ಆಕೆಗೆ ಎಲ್ಲವೂ ಕೇಳಿಸಿತ್ತು.

ಸೀಮಾ ಕೌದಿಯ ಆ ಮೂಲೆಯನ್ನು ಮಗಳ ಕಾಲಿನಡಿಗೆ ಒತ್ತಿ ಸೇರಿಸಿದಳು.

"ಒಮ್ಮೆ ಗಡಿಗಿ ಬಿಚ್ಚಿ ನೋಡೇನ್ರಿ," ಎಂದಳು. "ಸಾಕು."